ಚಳಿ ಬೀಳುವ ಮುಂಚೆ ಮನೆಯ ನಲ್ಲಿ-ಪೈಪುಗಳನ್ನು ಸಿದ್ಧ ಮಾಡಿಕೊಳ್ಳುವುದು ಹೇಗೆ

ನಮ್ಮ ಮನೆಯ ಹಿಂದಿನ ನಲ್ಲಿಗೆ ಹಾಕಿದ್ದ ಹೋಸ್ ಪೈಪನ್ನು ಒಂದು ವರ್ಷ ಚಳಿಗಾಲ ಪೂರ್ತಿ ಹಾಗೇ ಬಿಟ್ಟಿದ್ದೆವು. ನಲ್ಲಿ ಭದ್ರವಾಗಿ ಮುಚ್ಚಿತ್ತು, ಇನ್ನೇನು ತೊಂದರೆ ಅಂದುಕೊಂಡಿದ್ದೆವು. ಚಳಿ ಕಳೆದು ಗಿಡಗಳಿಗೆ ನೀರು ಬಿಡೋಣ ಅಂತ ನಲ್ಲಿ ತಿರುಗಿಸಿದರೆ ಹೋಸಿನ ತುದಿಯಲ್ಲಿ ನೀರು ಸಣ್ಣಗೆ ಬಂತು, ಗೋಡೆಯೊಳಗಿಂದ ಸುಯ್ಯೆನ್ನುವ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಒಳಗಿನ ಕೋಣೆಯಲ್ಲಿ ಗೋಡೆಯ ಬುಡದಿಂದ ನೀರು ಹರಿದು ಬರತೊಡಗಿತು. ಗೋಡೆ ಬಿಚ್ಚಿಸಿ ನೋಡಿದಾಗ ತಾಮ್ರದ ಪೈಪು ಒಂದು ಕಡೆ ಉಬ್ಬಿ, ಉದ್ದಕ್ಕೆ ಅರ್ಧ ಬೆರಳಿನಷ್ಟು ಸೀಳಿತ್ತು. ಸೀಳಿನ ಅಂಚು ಮೀನು ಬಾಯಿ ತೆರೆದ ಹಾಗೆ ಹೊರಕ್ಕೆ ಹೊರಳಿತ್ತು. ಅದು ಸೀಳಿದ್ದು ಚಳಿಗಾಲದ ಯಾವುದೋ ರಾತ್ರಿ, ನಮಗೆ ಗೊತ್ತಾಗಿದ್ದು ತಿಂಗಳುಗಳಾದ ಮೇಲೆ. ಹೋಸ್ ಬಿಚ್ಚಿಡಲು ಬೇಕಾಗಿದ್ದದ್ದು ಅರ್ಧ ನಿಮಿಷ.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ರಾತ್ರಿ ಸೊನ್ನೆ ಡಿಗ್ರಿಗಿಂತ ಕೆಳಗೆ ಹೋಗುವ ಕಡೆ ನೀವು ಇದ್ದರೆ, ಅದರಲ್ಲೂ ಇದು ಅಲ್ಲಿ ನಿಮ್ಮ ಮೊದಲ ಚಳಿಗಾಲವಾದರೆ, ಒಂದು ರಜಾದಿನ ಬಿಡುವು ಮಾಡಿಕೊಂಡು ಈ ಕೆಲಸ ಮುಗಿಸಿಬಿಡಿ. ಹೆಚ್ಚಿನದಕ್ಕೆ ಪ್ಲಂಬರ್ ಬೇಕಾಗುವುದಿಲ್ಲ.

ಪೈಪು ಯಾಕೆ ಒಡೆಯುತ್ತದೆ

ಇದೊಂದು ಸರಿಯಾಗಿ ತಲೆಗೆ ಹೋದರೆ ಉಳಿದಿದ್ದೆಲ್ಲ ತಾನಾಗಿ ಅರ್ಥವಾಗುತ್ತದೆ, ಹಾಗಾಗಿ ಸ್ವಲ್ಪ ನಿಧಾನಕ್ಕೆ ಓದಿ. ನೀರು ಐಸ್ ಆದಾಗ ಸುಮಾರು 9 ಪರ್ಸೆಂಟ್ ಹಿಗ್ಗುತ್ತದೆ. ಒಂದು ಲೀಟರ್ ನೀರಿಗೆ ಐಸ್ ಆದಮೇಲೆ ಒಂದು ಲೀಟರ್ ಜಾಗ ಸಾಲುವುದಿಲ್ಲ, 90 ಮಿಲಿಲೀಟರ್ ಹತ್ತಿರ ಜಾಸ್ತಿ ಬೇಕು. ಇಷ್ಟು ಕೇಳಿದ ತಕ್ಷಣ ಎಲ್ಲರೂ ಅಂದುಕೊಳ್ಳುವುದು, ಐಸ್ ಹಿಗ್ಗಿ ಪೈಪಿನ ಗೋಡೆಯನ್ನು ತಳ್ಳಿ ಅಲ್ಲೇ ಒಡೆಯುತ್ತದೆ ಅಂತ. ಸಾಮಾನ್ಯವಾಗಿ ಆಗುವುದು ಹಾಗಲ್ಲ.

ಮೊದಲು ಪೈಪಿನ ಒಂದು ತಣ್ಣನೆಯ ಜಾಗದಲ್ಲಿ ಐಸ್ ಕಟ್ಟಿ ಬಿರಡೆ ಹಾಕಿದ ಹಾಗೆ ಆಗುತ್ತದೆ. ಆ ಬಿರಡೆ ಪೈಪಿನ ಉದ್ದಕ್ಕೂ ಬೆಳೆಯುತ್ತಾ ಮುಂದಿರುವ ನೀರನ್ನು ನಲ್ಲಿಯ ಕಡೆಗೆ ಒತ್ತುತ್ತದೆ. ನಲ್ಲಿ ಮುಚ್ಚಿದೆ. ಈ ಕಡೆ ಐಸ್, ಆ ಕಡೆ ಮುಚ್ಚಿದ ನಲ್ಲಿ, ನಡುವೆ ಸಿಕ್ಕಿಹಾಕಿಕೊಂಡ ನೀರಿಗೆ ಹೋಗಲು ದಾರಿಯೇ ಇಲ್ಲ. ನೀರನ್ನು ಎಷ್ಟು ಒತ್ತಿದರೂ ಅದು ಕುಗ್ಗುವುದಿಲ್ಲ, ಹಾಗಾಗಿ ಒತ್ತಡ ಏರುತ್ತಲೇ ಹೋಗಿ ಆ ಭಾಗದಲ್ಲಿ ಎಲ್ಲಿ ಪೈಪು ಸೋತಿದೆಯೋ ಅಲ್ಲಿ ಸೀಳುತ್ತದೆ. ಐಸ್ ಕಟ್ಟಿದ್ದು ಹೊರಗೋಡೆಯ ಮೂಲೆಯಲ್ಲಿ ಇರಬಹುದು, ಒಡೆದದ್ದು ಸಿಂಕಿನ ಕೆಳಗೆ ಬೆಚ್ಚಗಿರುವ ಜಾಗದಲ್ಲಿ ಇರಬಹುದು. ಐಸಿನ ಹಿಂದೆ, ಅಂದರೆ ನೀರು ಬರುವ ಕಡೆ, ಅಷ್ಟು ಅಪಾಯ ಇಲ್ಲ. ಅಲ್ಲಿ ನೀರು ಬಂದ ದಾರಿಯಲ್ಲೇ ವಾಪಸ್ ಸರಿಯಬಹುದು.

ಆದ್ದರಿಂದ ನೀವು ಮಾಡಬೇಕಾದ ಕೆಲಸ ಮೂರೇ ಬಗೆಯದು: ನೀರನ್ನು ಖಾಲಿ ಮಾಡುವುದು, ಖಾಲಿ ಮಾಡಲಾಗದ ಕಡೆ ಬೆಚ್ಚಗಿಡುವುದು, ಅದೂ ಆಗದಿದ್ದರೆ ನೀರಿಗೆ ಹೊರಗೆ ಹೋಗಲು ದಾರಿ ಬಿಡುವುದು.

ಎಷ್ಟು ಚಳಿಗೆ ಹೆದರಬೇಕು? ಪೈಪಿನೊಳಗಿನ ನೀರು ಸೊನ್ನೆ ಮುಟ್ಟಿದ ಕ್ಷಣಕ್ಕೇ ಗಡ್ಡೆ ಕಟ್ಟುವುದಿಲ್ಲ, ಕೆಲವು ಡಿಗ್ರಿ ಕೆಳಗೆ ಹೋಗಿಯೂ ನೀರಾಗಿಯೇ ಇರಬಲ್ಲದು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು ಹೊದಿಕೆ ಇಲ್ಲದ ಪೈಪುಗಳನ್ನು ಬಿಸಿ ಮಾಡದ ಅಟ್ಟದಲ್ಲಿಟ್ಟು ಪರೀಕ್ಷೆ ಮಾಡಿ, ಹೊರಗಿನ ಚಳಿ ಮೈನಸ್ 7 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದಾಗ ಎಚ್ಚರವಾಗಬೇಕು ಅಂತ ಹೇಳಿದ್ದಾರೆ. ಇದು ಒಂದು ಅಂದಾಜು ಮಾತ್ರ. ಗಾಳಿಗೆ ಮೈಯೊಡ್ಡಿದ ಪೈಪು ಇದಕ್ಕಿಂತ ಕಡಿಮೆ ಚಳಿಗೂ ಗಡ್ಡೆ ಕಟ್ಟಬಹುದು. ನಾನಂತೂ ಹವಾಮಾನ ವರದಿಯಲ್ಲಿ ಮೈನಸ್ 3 ಕಂಡರೆ ರಾತ್ರಿಯ ತಯಾರಿ ಶುರು ಮಾಡುತ್ತೇನೆ.

ಮೊದಲು ಮೇನ್ ವಾಲ್ವ್

ಬೇರೆ ಏನೂ ಮಾಡಲು ಆಗದಿದ್ದರೂ ಇದೊಂದನ್ನು ಮಾಡಿ. ಮನೆಗೆ ಬರುವ ನೀರನ್ನೆಲ್ಲ ಒಂದೇ ಸಲ ನಿಲ್ಲಿಸುವ ವಾಲ್ವ್ ಎಲ್ಲಿದೆ ಅಂತ ಹುಡುಕಿ, ಕೈಯಿಂದ ತಿರುಗಿಸಿ ನೋಡಿ. ಸಾಮಾನ್ಯವಾಗಿ ಮೀಟರಿನ ಪಕ್ಕ, ಪೈಪು ಮನೆಯೊಳಗೆ ಬರುವ ಗೋಡೆಯ ಹತ್ತಿರ, ನೆಲಮಾಳಿಗೆಯಲ್ಲಿ ಅಥವಾ ಅಂಗಳದಲ್ಲಿ ಮುಚ್ಚಳ ಹಾಕಿದ ಗುಂಡಿಯಲ್ಲಿ ಇರುತ್ತದೆ. ಛಾವಣಿಯ ಮೇಲೆ ಟ್ಯಾಂಕ್ ಇದ್ದರೆ ಟ್ಯಾಂಕಿನಿಂದ ಇಳಿಯುವ ಪೈಪಿಗೆ ಇನ್ನೊಂದು ವಾಲ್ವ್ ಇರುತ್ತದೆ. ಕೆಳಗಿನದನ್ನು ಮುಚ್ಚಿದರೂ ಟ್ಯಾಂಕಿನ ನೀರು ಇಳಿಯುತ್ತಲೇ ಇರುತ್ತದೆ, ಎರಡೂ ಗೊತ್ತಿರಬೇಕು.

ಉದ್ದ ಹಿಡಿಕೆ ಇದ್ದರೆ ಅದು ಬಾಲ್ ವಾಲ್ವ್. ಹಿಡಿಕೆ ಪೈಪಿನ ಜೊತೆ ನೇರವಾಗಿದ್ದರೆ ತೆರೆದಿದೆ, ಅಡ್ಡ ಇದ್ದರೆ ಮುಚ್ಚಿದೆ. ಚಕ್ರದ ಹಾಗಿದ್ದರೆ ಗೇಟ್ ವಾಲ್ವ್, ಅದನ್ನು ಹಲವು ಸುತ್ತು ತಿರುಗಿಸಬೇಕು. ವರ್ಷಗಟ್ಟಲೆ ಮುಟ್ಟದ ಗೇಟ್ ವಾಲ್ವ್ ಹಿಡಿದುಕೊಂಡಿರುತ್ತದೆ. ಸ್ಪಾನರ್ ಹಾಕಿ ಬಲವಾಗಿ ಎಳೆಯಲು ಹೋಗಬೇಡಿ, ಒಳಗಿನ ಕಡ್ಡಿ ಮುರಿದರೆ ಇದ್ದ ವಾಲ್ವೂ ಇಲ್ಲದ ಹಾಗೆ. ಆ ಕಡೆ ಸ್ವಲ್ಪ, ಈ ಕಡೆ ಸ್ವಲ್ಪ ಅಂತ ಮೆಲ್ಲಗೆ ಆಡಿಸುತ್ತಾ ಸಡಿಲ ಮಾಡಿ. ತಿರುಗಿಸಿದ ಮೇಲೆ ಕಡ್ಡಿಯ ಬುಡದಲ್ಲಿ ನೀರು ಜಿನುಗಿದರೆ ಅಲ್ಲಿರುವ ನಟ್ಟನ್ನು ಒಂದಿಷ್ಟೇ ಇಷ್ಟು ಬಿಗಿ ಮಾಡಿದರೆ ನಿಲ್ಲುತ್ತದೆ. ಪೂರ್ತಿ ತೆರೆದ ನಂತರ ಕಾಲು ಸುತ್ತು ವಾಪಸ್ ತಿರುಗಿಸಿಡಿ, ಮುಂದಿನ ಸಲ ಹಿಡಿದುಕೊಳ್ಳುವುದಿಲ್ಲ. ಒಟ್ಟಿನಲ್ಲಿ ಸರಿಯಾಗಿ ಮುಚ್ಚದ ಗೇಟ್ ವಾಲ್ವ್ ಇದ್ದರೆ ಪ್ಲಂಬರನ್ನು ಕರೆಸಿ ಬಾಲ್ ವಾಲ್ವ್ ಹಾಕಿಸಿ. ಈ ಇಡೀ ಕೆಲಸದಲ್ಲಿ ನಾನು ಖರ್ಚು ಮಾಡಲೇಬೇಕು ಅಂತ ಹೇಳುವ ಜಾಗ ಇದೊಂದೇ.

ವಾಲ್ವ್ ಮುಚ್ಚಿ, ಮನೆಯ ಅತಿ ಕೆಳಗಿನ ನಲ್ಲಿ ತೆರೆದು ನೋಡಿ. ಪೈಪಿನಲ್ಲಿದ್ದ ನೀರು ಹರಿದು ಹೋಗಿ ಕೆಲವು ನಿಮಿಷದಲ್ಲಿ ನಿಲ್ಲಬೇಕು. ನಿಂತರೆ ವಾಲ್ವಿಗೆ ಒಂದು ಚೀಟಿ ಕಟ್ಟಿ, ಅದರ ಮೇಲೆ ದೊಡ್ಡ ಅಕ್ಷರದಲ್ಲಿ 'ಮೇನ್ ವಾಲ್ವ್' ಅಂತ ಬರೆದು, ಮನೆಯಲ್ಲಿರುವ ಎಲ್ಲರನ್ನೂ ಕರೆದು ತೋರಿಸಿ. ಮಕ್ಕಳಿಗೂ, ವಯಸ್ಸಾದವರಿಗೂ. ಪೈಪು ಒಡೆದಾಗ ಮನೆಯಲ್ಲಿ ಇರುವುದು ನೀವೇ ಅಂತ ಏನೂ ಇಲ್ಲವಲ್ಲ.

ಮನೆಯೊಳಗೆ ಒಂದು ಸುತ್ತು

ಈಗ ಒಂದು ಟಾರ್ಚ್ ಹಿಡಿದು ಪೈಪು ಹೋದ ದಾರಿಯಲ್ಲೇ ನೀವೂ ಹೋಗಿ. ಹುಡುಕಬೇಕಾದದ್ದು ಬಿಸಿ ತಲುಪದ ಜಾಗಗಳು: ಹೊರಗೋಡೆಗೆ ಅಂಟಿಕೊಂಡ ಸಿಂಕಿನ ಕೆಳಗಿನ ಕಪಾಟು, ಅಟ್ಟ, ನೆಲಮಾಳಿಗೆ, ಗ್ಯಾರೇಜು, ನೆಲದ ಕೆಳಗಿನ ಪೊಳ್ಳು ಜಾಗ, ಹೊರಗಿನ ಪಂಪು, ಛಾವಣಿ. ಬಿಸಿನೀರಿನ ಪೈಪು ಗಡ್ಡೆ ಕಟ್ಟುವುದಿಲ್ಲ ಅಂತ ಬಿಟ್ಟುಬಿಡಬೇಡಿ. ರಾತ್ರಿ ಯಾರೂ ಬಳಸದೆ ನಿಂತಾಗ ಅದೂ ತಣ್ಣೀರೇ.

ಕಪಾಟಿನೊಳಗೆ ಕೈ ಹಾಕಿದಾಗ ತಣ್ಣನೆ ಗಾಳಿ ಸೋಕಿದರೆ ಅಲ್ಲಿ ಸಂದು ಇದೆ ಅಂತ ಅರ್ಥ. ಪೈಪು ಗೋಡೆ ತೂರಿ ಹೋದ ತೂತು, ವೈರು ಹೋದ ತೂತು, ಕಿಟಕಿಯ ಚೌಕಟ್ಟಿನ ಬುಡ, ಹೀಗೆ ಎಲ್ಲಾದರೂ ಇರಬಹುದು. ಕೈಗೆ ಸಿಗದಿದ್ದರೆ ಗಾಳಿ ಬೀಸುವ ದಿನ ಊದುಬತ್ತಿ ಹಚ್ಚಿ ಗೋಡೆಯ ಪಕ್ಕ ನಿಧಾನಕ್ಕೆ ಆಡಿಸಿ, ಹೊಗೆ ಎಲ್ಲಿ ಬಾಗುತ್ತದೋ ಅಲ್ಲಿದೆ ಸಂದು. ಸಣ್ಣದಕ್ಕೆ ಸೀಲೆಂಟ್, ದೊಡ್ಡದಕ್ಕೆ ಉಬ್ಬುವ ಫೋಮ್ ತುಂಬಿ. ಬೆರಳು ತೂರದಷ್ಟು ಸಣ್ಣ ಸಂದಿಯಿಂದ ಬರುವ ಗಾಳಿ ಕೂಡ ಎದುರಿಗಿರುವ ಪೈಪಿನ ಬಿಸಿಯನ್ನು ಹೀರಿಕೊಂಡು ಹೋಗುತ್ತದೆ, ಉಳಿದ ಪೈಪು ಚೆನ್ನಾಗಿದ್ದರೂ ಐಸ್ ಕಟ್ಟುವುದು ಅದೇ ಒಂದು ಗೇಣು ಜಾಗದಲ್ಲಿ. ಆದರೆ ಗ್ಯಾಸ್ ಹೀಟರಿಗೆ ಗಾಳಿ ಬರಲಿಕ್ಕೆ, ಹೊಗೆ ಹೋಗಲಿಕ್ಕೆ ಬಿಟ್ಟ ಕಿಂಡಿಯನ್ನು ಯಾವ ಕಾರಣಕ್ಕೂ ಮುಚ್ಚಬೇಡಿ, ಅದು ಜೀವಕ್ಕೇ ಅಪಾಯ.

ಪೈಪಿಗೆ ಹೊದಿಕೆ

ಒಂದು ಮಾತು ಮೊದಲೇ ತಿಳಿದಿರಲಿ: ಹೊದಿಕೆ ಪೈಪನ್ನು ಬಿಸಿ ಮಾಡುವುದಿಲ್ಲ, ಇರುವ ಬಿಸಿ ಹೋಗುವುದನ್ನು ನಿಧಾನ ಮಾಡುತ್ತದೆ ಅಷ್ಟೇ. ಒಂದು ರಾತ್ರಿಯ ಚಳಿಯನ್ನು ದಾಟಿಸುತ್ತದೆ. ಒಂದು ವಾರ ಬಿಡದೆ ಕೊರೆಯುವ ಚಳಿ ಬಿದ್ದು, ಪೈಪಿನಲ್ಲಿ ನೀರು ಓಡಾಡದೆ ನಿಂತಿದ್ದರೆ, ಎಷ್ಟು ದಪ್ಪ ಹೊದಿಸಿದರೂ ಕೊನೆಗೆ ಗಡ್ಡೆ ಕಟ್ಟುತ್ತದೆ.

ಬಳಸಲು ಸುಲಭವಾದದ್ದು ಉದ್ದಕ್ಕೆ ಸೀಳಿದ ಫೋಮ್ ಕೊಳವೆ. ತರುವ ಮೊದಲು ಅಳತೆ ಸರಿಯಾಗಿ ತೆಗೆದುಕೊಳ್ಳಿ, ಯಾಕೆಂದರೆ 'ಅರ್ಧ ಇಂಚಿನ ಪೈಪು' ಅಂತ ಕರೆಯುವ ಪೈಪಿನ ಹೊರಗಿನ ಅಳತೆ ಅರ್ಧ ಇಂಚಿಗಿಂತ ಜಾಸ್ತಿ ಇರುತ್ತದೆ. ಒಂದು ಕಾಗದದ ಪಟ್ಟಿಯನ್ನು ಪೈಪಿಗೆ ಸುತ್ತಿ, ಕೂಡುವ ಜಾಗದಲ್ಲಿ ಗುರುತು ಹಾಕಿ, ಬಿಚ್ಚಿ ಅಳೆದು, 3.14ರಿಂದ ಭಾಗಿಸಿ. ಬಂದ ಅಳತೆಗೆ ಒಳಬಾಯಿ ಇರುವ ಕೊಳವೆ ತನ್ನಿ. ಸಡಿಲವಾದರೆ ನಡುವೆ ಗಾಳಿ ಓಡಾಡುತ್ತದೆ, ಬಿಗಿಯಾದರೆ ಸೀಳು ಬಾಯಿ ಬಿಡುತ್ತದೆ.

ಪೈಪನ್ನು ಒಣಬಟ್ಟೆಯಿಂದ ಒರೆಸಿ, ಕೊಳವೆ ಕೂರಿಸಿ, ಸೀಳಿನ ಉದ್ದಕ್ಕೂ ಟೇಪ್ ಹಾಕಿ. ಎರಡು ತುಂಡು ಸೇರುವಲ್ಲಿ ಒಂದಕ್ಕೊಂದು ಒತ್ತಿ ಹಿಡಿದು ಸುತ್ತಲೂ ಟೇಪ್ ಮಾಡಿ. ಎಲ್ಬೋ, ಅಂದರೆ ಪೈಪು ತಿರುಗುವ ಜಾಯಿಂಟು, ಬಂದ ಕಡೆ ಎರಡು ತುಂಡುಗಳ ತುದಿಯನ್ನೂ ಓರೆಯಾಗಿ, 45 ಡಿಗ್ರಿಗೆ ಕತ್ತರಿಸಿ ಜೋಡಿಸಿದರೆ ಫೋಟೋ ಚೌಕಟ್ಟಿನ ಮೂಲೆಯ ಹಾಗೆ ಸರಿಯಾಗಿ ಕೂರುತ್ತದೆ. ಇಲ್ಲೇ ಹೆಚ್ಚಿನವರು ಸೋಮಾರಿತನ ಮಾಡುವುದು. ನೇರ ಪೈಪಿಗೆಲ್ಲ ಚೆನ್ನಾಗಿ ಹಾಕಿ, ಎಲ್ಬೋ, ಟೀ, ವಾಲ್ವ್, ಕ್ಲಾಂಪ್ ಇರುವಲ್ಲಿ ಬರಿಮೈ ಬಿಡುತ್ತಾರೆ. ಐಸ್ ಬಿರಡೆಗೆ ಎರಡು ಇಂಚು ಜಾಗ ಸಾಕು.

ಹಳೇ ಬಟ್ಟೆ, ಗೋಣಿ ಸುತ್ತುವುದು ತುರ್ತಿಗೆ ಆದೀತು, ಆದರೆ ನೆನೆದರೆ ಉಪಯೋಗಕ್ಕಿಲ್ಲ. ಒದ್ದೆ ಬಟ್ಟೆ ಬಿಸಿಯನ್ನು ಹಿಡಿದಿಡುವುದಿಲ್ಲ, ಹೊರಗೆ ಸಾಗಿಸುತ್ತದೆ. ಹೊರಗಡೆ ಇರುವ ಪೈಪಿಗೆ ಹಾಕಿದ ಫೋಮ್ ಬಿಸಿಲಿಗೆ ಪುಡಿಪುಡಿಯಾಗುತ್ತದೆ, ಅದರ ಮೇಲೆ ಅಲ್ಯುಮಿನಿಯಂ ಟೇಪ್ ಅಥವಾ ಮಳೆ-ಬಿಸಿಲು ತಡೆಯುವ ಹೊದಿಕೆ ಸುತ್ತಿ. ಯಾವ ಹೊದಿಕೆಯನ್ನೂ ಬಿಗಿಯಾಗಿ ಬಿಗಿಯಬೇಡಿ. ಒಳಗೆ ಹಿಡಿದಿಟ್ಟ ಗಾಳಿಯೇ ಕೆಲಸ ಮಾಡುವುದು, ಒತ್ತಿ ಚಪ್ಪಟೆ ಮಾಡಿದರೆ ಆ ಗಾಳಿಯೇ ಹೋಯಿತು.

ಇನ್ನೊಂದು ತಪ್ಪನ್ನು ತುಂಬಾ ಕಡೆ ನೋಡಿದ್ದೇನೆ. ಪೈಪು ಹೊರಗೋಡೆಯೊಳಗೆ ಹೋಗಿದ್ದರೆ ಹೊದಿಕೆ ಇರಬೇಕಾದದ್ದು ಪೈಪಿಗೂ ಹೊರಗಿನ ಚಳಿಗೂ ನಡುವೆ. ಪೈಪಿಗೂ ಕೋಣೆಗೂ ನಡುವೆ ತುಂಬಿದರೆ ಕೋಣೆಯಿಂದ ಬರುವ ಬಿಸಿಗೆ ನೀವೇ ಅಡ್ಡ ಹಾಕಿದ ಹಾಗಾಗುತ್ತದೆ, ಪೈಪು ಮೊದಲಿಗಿಂತ ಬೇಗ ತಣ್ಣಗಾಗುತ್ತದೆ.

ಹೊದಿಕೆ ಸಾಲದ ಜಾಗಕ್ಕೆ ಹೀಟಿಂಗ್ ಕೇಬಲ್ ಬರುತ್ತದೆ, ಪೈಪಿನ ಮೇಲೆ ಕಟ್ಟಿ ಕರೆಂಟ್ ಕೊಟ್ಟರೆ ಸಣ್ಣಗೆ ಬಿಸಿಯಾಗುತ್ತದೆ. ಚಳಿ ನೋಡಿಕೊಂಡು ತಾನೇ ಬಿಸಿ ಹೆಚ್ಚು-ಕಡಿಮೆ ಮಾಡಿಕೊಳ್ಳುವ ಬಗೆಯದನ್ನೇ ತೆಗೆದುಕೊಳ್ಳಿ. ಒಂದೇ ಸಮ ಕಾಯುವ ಬಗೆಯದಾದರೆ ಕೇಬಲ್ ಮೇಲೆ ಕೇಬಲ್ ಬರಬಾರದು, ಅಲ್ಲಿ ಸುಟ್ಟು ಬೆಂಕಿ ಹತ್ತಿಕೊಳ್ಳುತ್ತದೆ. ಪ್ಲಾಸ್ಟಿಕ್ ಪೈಪಿಗೆ ಆಗುತ್ತದೋ ಇಲ್ಲವೋ, ಮೇಲೆ ಫೋಮ್ ಹೊದಿಸಬಹುದೋ ಇಲ್ಲವೋ ಅಂತ ಡಬ್ಬಿಯ ಮೇಲೆ ಬರೆದಿರುತ್ತಾರೆ, ಓದದೆ ಹಾಕಬೇಡಿ. ಶಾಕ್ ಹೊಡೆಯದಂತೆ ಕರೆಂಟ್ ಕಡಿಯುವ ಸ್ವಿಚ್ ಇರುವ ಪ್ಲಗ್ಗಿಗೇ ಕೊಡಿ. ಪ್ರತಿ ವರ್ಷ ಕೈಯಲ್ಲಿ ಮುಟ್ಟಿ, ಸಿಪ್ಪೆ ಬಿರುಕು ಬಿಟ್ಟಿದೆಯೋ ನೋಡಿ, ಬಿಟ್ಟಿದ್ದರೆ ಎಸೆಯಿರಿ.

ಪೈಪು ಯಾವುದರದ್ದು ಅಂತ ಕೇಳುವವರಿದ್ದಾರೆ. ಪೆಕ್ಸ್ ಅನ್ನುವ ಬಾಗುವ ಪ್ಲಾಸ್ಟಿಕ್ ಪೈಪು ಸ್ವಲ್ಪ ಹಿಗ್ಗಿ ತಡೆದುಕೊಳ್ಳುತ್ತದೆ, ಆದರೆ ಅದರ ಜಾಯಿಂಟುಗಳು ಹಿಗ್ಗುವುದಿಲ್ಲ. ತಾಮ್ರ ಸೀಳುತ್ತದೆ. ಪಿವಿಸಿ, ಸಿಪಿವಿಸಿ ಚಳಿಗೆ ಪೆಡಸಾಗಿ ಬಿರುಕು ಬಿಡುತ್ತವೆ. ಯಾವುದಕ್ಕೂ ವಿನಾಯಿತಿ ಇಲ್ಲ.

ಹೊರಗಿನ ನಲ್ಲಿ, ಪಂಪು, ಸೋಲಾರ್

ಹೋಸ್ ಬಿಚ್ಚಿ, ನೀರು ಬಸಿದು, ಸುತ್ತಿ ಒಳಗಿಡಿ. ನಲ್ಲಿಗೆ ಹಾಕಿದ ಕನೆಕ್ಟರ್, ಟೈಮರ್ ಇದ್ದರೆ ಅವನ್ನೂ ತೆಗೆಯಿರಿ. ಆ ನಲ್ಲಿಗೆ ಮನೆಯೊಳಗೆ ಬೇರೆ ವಾಲ್ವ್ ಇದ್ದರೆ ಅದನ್ನು ಮುಚ್ಚಿ, ಹೊರಗಿನ ನಲ್ಲಿಯನ್ನು ತೆರೆದು ಚಳಿಗಾಲ ಪೂರ್ತಿ ತೆರೆದೇ ಬಿಡಿ. ಒಳಗೆ ಒಂದಿಷ್ಟು ನೀರು ಉಳಿದಿದ್ದರೂ ಅದಕ್ಕೆ ಹೊರಗೆ ಹೋಗಲು ದಾರಿ ಇರುತ್ತದೆ. ಒಳಗಿನ ಕೆಲವು ವಾಲ್ವುಗಳ ಪಕ್ಕದಲ್ಲಿ ಪುಟ್ಟ ಹಿತ್ತಾಳೆ ಮುಚ್ಚಳ ಇರುತ್ತದೆ, ಅದನ್ನು ಸಡಿಲ ಮಾಡಿದರೆ ನಡುವೆ ನಿಂತ ನೀರೂ ತೊಟ್ಟಿಕ್ಕುತ್ತದೆ. ಕೆಳಗೆ ಒಂದು ಲೋಟ ಹಿಡಿಯಿರಿ.

ಚಳಿ ತಡೆಯುವ ಹೊರನಲ್ಲಿಗಳು ಅಂತ ಸಿಗುತ್ತವೆ, ಹಿಡಿಕೆ ಹೊರಗಿದ್ದರೂ ನೀರನ್ನು ತಡೆಯುವ ವಾಷರ್ ಗೋಡೆಯೊಳಗೆ ಒಂದು ಗೇಣು ಅಥವಾ ಹೆಚ್ಚು ಹಿಂದೆ, ಬೆಚ್ಚಗಿನ ಕಡೆ ಇರುತ್ತದೆ. ಮುಚ್ಚಿದಾಗ ಮುಂದಿನ ಭಾಗದ ನೀರೆಲ್ಲ ತಾನಾಗಿ ಹೊರಗೆ ಸುರಿದು ಹೋಗಬೇಕು. ಹೋಸ್ ಸಿಕ್ಕಿಸಿಯೇ ಬಿಟ್ಟರೆ ಸುರಿಯುವುದು ಎಲ್ಲಿಗೆ? ನೀರು ಒಳಗೇ ನಿಂತು ಗಡ್ಡೆ ಕಟ್ಟಿ ಪೈಪು ಸೀಳುತ್ತದೆ. ನಲ್ಲಿ ಮುಚ್ಚಿರುವ ತನಕ ಒಂದು ಹನಿಯೂ ಸೋರದ ಕಾರಣ ಯಾರಿಗೂ ಸುಳಿವು ಸಿಗುವುದಿಲ್ಲ. ನಮ್ಮ ಮನೆಯಲ್ಲಿ ಆಗಿದ್ದು ಅದೇ.

ಹೊರಗಿನ ಪಂಪಿಗೆ ಕೆಳಭಾಗದಲ್ಲಿ ನೀರು ಬಸಿಯುವ ಬೋಲ್ಟ್ ಇರುತ್ತದೆ. ಕರೆಂಟ್ ತೆಗೆದು, ಬೋಲ್ಟ್ ಬಿಚ್ಚಿ ಖಾಲಿ ಮಾಡಿ, ಬೋಲ್ಟನ್ನು ಪಂಪಿಗೇ ಒಂದು ದಾರದಿಂದ ಕಟ್ಟಿಡಿ. ಮತ್ತೆ ಚಾಲೂ ಮಾಡುವ ಮುಂಚೆ ನೀರು ತುಂಬಬೇಕು ಅನ್ನುವುದು ನೆನಪಿರಲಿ. ಬಿಸಿ ಇಲ್ಲದ ಜಾಗದಲ್ಲಿರುವ ನೀರಿನ ಫಿಲ್ಟರುಗಳನ್ನು ಖಾಲಿ ಮಾಡಿ ಒಳಗೆ ತನ್ನಿ.

ಛಾವಣಿಯ ಮೇಲಿನ ಸೋಲಾರ್ ವಾಟರ್ ಹೀಟರಿಗೆ ಬೇರೆಯದೇ ಕಾಳಜಿ ಬೇಕು. ಮೋಡ ಇಲ್ಲದ ರಾತ್ರಿ ಪ್ಯಾನೆಲ್ಲಿನ ಬಿಸಿ ನೇರವಾಗಿ ಆಕಾಶಕ್ಕೆ ಹೋಗಿಬಿಡುತ್ತದೆ, ಹಾಗಾಗಿ ಗಾಳಿ ಇನ್ನೂ ಸೊನ್ನೆಗಿಂತ ಒಂದೆರಡು ಡಿಗ್ರಿ ಮೇಲಿದ್ದರೂ ಚಪ್ಪಟೆ ಪ್ಯಾನೆಲ್ಲಿನೊಳಗಿನ ತಾಮ್ರದ ಕೊಳವೆಗಳಲ್ಲಿ ನೀರು ಗಡ್ಡೆ ಕಟ್ಟಬಹುದು. ನಿಮ್ಮದು ಚಳಿ ತಡೆಯುವ ದ್ರವ ತುಂಬಿದ ಬಗೆಯದಲ್ಲದಿದ್ದರೆ ಚಳಿಗಾಲಕ್ಕೆ ಪ್ಯಾನೆಲ್ ಖಾಲಿ ಮಾಡಿಸುವುದೇ ಸರಿ.

ಚಳಿ ಜೋರಾಗಿರುವ ರಾತ್ರಿ

ಮಲಗುವ ಮುಂಚೆ ಸಿಂಕಿನ ಕೆಳಗಿನ ಕಪಾಟಿನ ಬಾಗಿಲು ತೆರೆದಿಡಿ, ಕೋಣೆಯ ಬಿಸಿ ಒಳಗೆ ಹೋಗಲಿ. ಅಲ್ಲಿ ಪಾತ್ರೆ ತೊಳೆಯುವ, ನೆಲ ಒರೆಸುವ ಔಷಧಿಗಳಿದ್ದರೆ ಮಕ್ಕಳಿಗೆ ಸಿಗದ ಕಡೆ ಎತ್ತಿಡಿ. ಗ್ಯಾರೇಜಿನ ಬಾಗಿಲು ಮುಚ್ಚಿ. ಮನೆ ಬಿಸಿ ಮಾಡುವ ಹೀಟರನ್ನು ರಾತ್ರಿ ಕಡಿಮೆ ಮಾಡುವ ಅಭ್ಯಾಸ ಇದ್ದರೆ ಆ ಕೆಲವು ರಾತ್ರಿ ಮಾತ್ರ ಹಗಲಿನಷ್ಟೇ ಇಡಿ.

ಆಮೇಲೆ, ಹೊರಗೋಡೆಯ ಕಡೆ ಪೈಪು ಇರುವ ನಲ್ಲಿಗಳನ್ನು ಸ್ವಲ್ಪವೇ ತೆರೆದಿಡಿ. ಹನಿ ಹನಿಯಾಗಿ ಬಿಡದೆ ಬೀಳುವಷ್ಟು ಸಾಕು, ತುಂಬಾ ಚಳಿ ಇದ್ದರೆ ಪೆನ್ಸಿಲ್ ಕಡ್ಡಿಯಷ್ಟು ಸಣ್ಣ ಧಾರೆ. ಬಿಸಿ-ತಣ್ಣೀರು ಎರಡಕ್ಕೂ ಒಂದೇ ಹಿಡಿಕೆ ಇದ್ದರೆ ಅದನ್ನು ನಡುವೆ ಇಡಿ, ಎರಡೂ ಪೈಪಿನಲ್ಲಿ ನೀರು ಸರಿಯಬೇಕು. ಬರುವ ನೀರು ಗಡ್ಡೆ ಕಟ್ಟುವ ನೀರಿಗಿಂತ ಸ್ವಲ್ಪ ಬೆಚ್ಚಗಿರುತ್ತದೆ, ಅದೊಂದು ಲಾಭ. ಆದರೆ ದೊಡ್ಡ ಲಾಭ ಒತ್ತಡದ್ದು. ಎಲ್ಲೋ ಐಸ್ ಕಟ್ಟಿಯೇ ಬಿಟ್ಟರೂ ಅದು ಒತ್ತುವ ನೀರು ತೆರೆದ ನಲ್ಲಿಯಿಂದ ಹೊರಗೆ ಹೋಗುತ್ತದೆ, ಪೈಪು ಉಳಿಯುತ್ತದೆ. ಅದಕ್ಕೇ ಹನಿ ಬೀಳುವುದು ಇದ್ದಕ್ಕಿದ್ದಂತೆ ನಿಂತರೆ ನಲ್ಲಿ ಮುಚ್ಚಬೇಡಿ, ಇನ್ನೂ ಜಾಸ್ತಿ ತೆರೆಯಿರಿ. ನೀರು ಪೋಲಾಗುತ್ತದಲ್ವಾ ಅಂದರೆ, ಕೆಳಗೆ ಬಕೆಟ್ ಇಡಿ, ಬೆಳಿಗ್ಗೆ ಬಳಸಿಕೊಳ್ಳಿ. ಕೊಳೆನೀರಿನ ಪೈಪು ಹೊರಗಿನ ಚಳಿಯಲ್ಲಿ ಹಾದುಹೋಗುವ ಮನೆಯಾದರಂತೂ ಬಕೆಟ್ ಇಡಲೇಬೇಕು. ಒಂದೊಂದೇ ಹನಿ ಆ ಪೈಪಿಗೆ ಇಳಿದು ಅಲ್ಲೇ ಗಟ್ಟಿಯಾಗುತ್ತಾ ಬೆಳಿಗ್ಗೆ ಹೊತ್ತಿಗೆ ಸಿಂಕ್ ಕಟ್ಟಿಕೊಂಡಿರುತ್ತದೆ.

ಮನೆ ಬಿಟ್ಟು ಹೋಗುವಾಗ

ಒಂದೆರಡು ದಿನಕ್ಕೆ ಹೋಗುವುದಾದರೆ ಮನೆಯ ಹೀಟರನ್ನು ಪೂರ್ತಿ ಆರಿಸಬೇಡಿ, 13 ಡಿಗ್ರಿಗಿಂತ ಕೆಳಗೆ ಇಳಿಸಬೇಡಿ. ಮೇನ್ ವಾಲ್ವ್ ಮುಚ್ಚಿ ಹೋದರೆ ಇನ್ನೂ ಒಳ್ಳೆಯದು, ಒಡೆದರೂ ಸುರಿಯುವುದು ಪೈಪಿನಲ್ಲಿದ್ದಷ್ಟೇ ನೀರು. ಒಂದು ಎಚ್ಚರ: ಬಿಸಿನೀರು ಸುತ್ತಿ ಮನೆ ಬಿಸಿ ಮಾಡುವ ಬಾಯ್ಲರ್ ಅಥವಾ ಬೆಂಕಿ ಆರಿಸುವ ಸ್ಪ್ರಿಂಕ್ಲರ್ ಇದೇ ನೀರನ್ನು ನಂಬಿಕೊಂಡಿದ್ದರೆ, ತಿಳಿದವರನ್ನು ಕೇಳದೆ ಮುಚ್ಚಬೇಡಿ.

ವಾರಗಟ್ಟಲೆ, ತಿಂಗಳುಗಟ್ಟಲೆ ಖಾಲಿ ಬಿಡುವುದಾದರೆ ಪೈಪೂ ಖಾಲಿ ಇರಲಿ. ಕ್ರಮ ಮುಖ್ಯ. ಮೊದಲು ವಾಟರ್ ಹೀಟರಿನ ಕರೆಂಟ್ ಅಥವಾ ಗ್ಯಾಸ್ ತೆಗೆಯಿರಿ, ನೀರಿಲ್ಲದೆ ಉರಿದರೆ ಕಾಯಿಲ್ ಕ್ಷಣದಲ್ಲಿ ಸುಟ್ಟುಹೋಗುತ್ತದೆ. ನಂತರ ಮೇನ್ ವಾಲ್ವ್ ಮುಚ್ಚಿ. ಆಮೇಲೆ ಅತಿ ಮೇಲಿನ ನಲ್ಲಿಗಳನ್ನು ತೆರೆದು, ಕೊನೆಗೆ ಅತಿ ಕೆಳಗಿನದನ್ನು ತೆರೆಯಿರಿ. ಮೇಲಿನಿಂದ ಗಾಳಿ ಒಳಗೆ ಬಂದರೆ ಮಾತ್ರ ಕೆಳಗಿನಿಂದ ನೀರು ಪೂರ್ತಿ ಇಳಿಯುವುದು. ಹೀಟರಿನ ನೀರು ತಣ್ಣಗಾದ ಮೇಲೆ ಕೆಳಗಿನ ನಲ್ಲಿಗೆ ಹೋಸ್ ಸಿಕ್ಕಿಸಿ ಅದನ್ನೂ ಖಾಲಿ ಮಾಡಿ. ಕಮೋಡ್ ಫ್ಲಶ್ ಮಾಡಿ, ಟ್ಯಾಂಕಿನ ತಳದಲ್ಲಿ ಉಳಿದ ನೀರನ್ನು ಸ್ಪಂಜಿನಲ್ಲಿ ಹೀರಿ ತೆಗೆಯಿರಿ. ವಾಷಿಂಗ್ ಮೆಷಿನ್ನಿನ ಎರಡೂ ಪೈಪು ಬಿಚ್ಚಿ ಬಸಿಯಿರಿ.

ಸಿಂಕ್, ಬಚ್ಚಲು, ಕಮೋಡಿನ ಬಾಗಿದ ಭಾಗದಲ್ಲಿ ಯಾವಾಗಲೂ ನೀರು ನಿಂತಿರುತ್ತದೆ, ಅದನ್ನು ಖಾಲಿ ಮಾಡಿದರೆ ಚರಂಡಿಯ ಗಾಳಿ ಮನೆಗೆ ಬರುತ್ತದೆ. ಅಲ್ಲಿಗೆ ಪ್ರೊಪಿಲೀನ್ ಗ್ಲೈಕಾಲ್ ಇರುವ, ಮನೆಯ ಪೈಪುಗಳಿಗೆಂದೇ ಮಾರುವ ಆಂಟಿಫ್ರೀಜ್ ಸುರಿಯಿರಿ. ಕಾರಿನ ರೇಡಿಯೇಟರಿಗೆ ಹಾಕುವುದನ್ನು ಬಳಸಬೇಡಿ. ಸಾಮಾನ್ಯವಾಗಿ ಅದರಲ್ಲಿರುವುದು ಎಥಿಲೀನ್ ಗ್ಲೈಕಾಲ್, ಅದು ವಿಷ, ರುಚಿ ಸಿಹಿಯಾಗಿರುವುದರಿಂದ ನಾಯಿ-ಬೆಕ್ಕು ನೆಕ್ಕಿ ಸಾಯುತ್ತವೆ.

ವಾಪಸ್ ಬಂದಾಗ ಎಲ್ಲಾ ನಲ್ಲಿ ತೆರೆದಿರುವಾಗಲೇ ಮೇನ್ ವಾಲ್ವನ್ನು ಮೆಲ್ಲಗೆ ತೆರೆಯಿರಿ. ಗಾಳಿ ಕೆಮ್ಮಿಕೊಂಡು ಹೊರಗೆ ಬರುತ್ತದೆ, ಧಾರೆ ಸಮವಾದ ಮೇಲೆ ಒಂದೊಂದೇ ನಲ್ಲಿ ಮುಚ್ಚುತ್ತಾ ಬನ್ನಿ. ಬಿಸಿನೀರಿನ ನಲ್ಲಿಯಲ್ಲಿ ಧಾರೆ ಸರಿಯಾಗಿ ಬರುವ ತನಕ ಹೀಟರ್ ಸ್ವಿಚ್ ಹಾಕಬೇಡಿ.

ಗಡ್ಡೆ ಕಟ್ಟಿಯೇ ಬಿಟ್ಟರೆ

ಬೆಳಿಗ್ಗೆ ಒಂದು ನಲ್ಲಿಯಲ್ಲಿ ಮಾತ್ರ ನೀರು ಬರದಿದ್ದರೆ ಆ ಪೈಪಿನಲ್ಲಿ ಐಸ್ ಇದೆ ಅಂತ ಹೆಚ್ಚುಕಡಿಮೆ ಖಾತ್ರಿ. ಪೈಪಿನ ಮೇಲೆ ಬಿಳಿ ಮಂಜು ಕಟ್ಟಿರುವ, ಉಬ್ಬಿರುವ, ಉಳಿದ ಕಡೆಗಿಂತ ಕೊರೆಯುವ ಜಾಗ ಹುಡುಕಿ. ಎಲ್ಲಾದರೂ ಸೀಳಿದ್ದು ಕಂಡರೆ ಮೊದಲು ಮೇನ್ ವಾಲ್ವ್ ಮುಚ್ಚಿ, ಕರಗಿಸುವುದು ಆಮೇಲೆ. ಐಸ್ ಇರುವ ತನಕ ಸೀಳಿನಿಂದ ನೀರು ಬರುವುದಿಲ್ಲ, ಕರಗಿದ ಕ್ಷಣ ನುಗ್ಗುತ್ತದೆ.

ನಲ್ಲಿಯನ್ನು ತೆರೆದಿಟ್ಟೇ ಕೆಲಸ ಶುರು ಮಾಡಿ. ನಲ್ಲಿಯ ಕಡೆಯಿಂದ ಐಸಿನ ಕಡೆಗೆ ಬಿಸಿ ಮಾಡುತ್ತಾ ಹೋಗಬೇಕು, ನಡುವಿನಿಂದ ಅಲ್ಲ. ಕರಗಿದ ನೀರಿಗೆ ಮುಂದೆ ದಾರಿ ಇರಬೇಕು ಅನ್ನುವುದೇ ಇಲ್ಲೂ ಲೆಕ್ಕ. ಹೇರ್ ಡ್ರೈಯರ್ ಸಾಕು, ಒಂದೇ ಕಡೆ ಹಿಡಿಯದೆ ಹಿಂದೆ ಮುಂದೆ ಆಡಿಸಿ. ಕರೆಂಟ್ ಇಲ್ಲದಿದ್ದರೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಟವೆಲ್ ಸುತ್ತಿ, ತಣ್ಣಗಾದಂತೆ ಬದಲಾಯಿಸಿ. ಪ್ಲಾಸ್ಟಿಕ್ ಪೈಪಿನ ಮೇಲೆ ಕುದಿಯುವ ನೀರು ಸುರಿಯಬೇಡಿ. ನೆಲದಲ್ಲಿ ನೀರು ನಿಂತಿದ್ದರೆ ಕರೆಂಟಿನ ಯಾವ ಸಾಮಾನನ್ನೂ ಅಲ್ಲಿ ಹಿಡಿಯಬೇಡಿ.

ಬೆಂಕಿ ಬೇಡವೇ ಬೇಡ. ಬ್ಲೋ ಟಾರ್ಚ್, ಮೇಣದಬತ್ತಿ, ಉರಿಯುವ ಬಟ್ಟೆ, ಯಾವುದೂ. ಗೋಡೆಯೊಳಗಿನ ಮರಕ್ಕೆ ಕಿಡಿ ಹೊತ್ತಿಕೊಂಡರೆ ನಿಮಗೆ ಕಾಣುವುದೇ ಇಲ್ಲ. ಎರಡು ಐಸ್ ಗಡ್ಡೆಗಳ ನಡುವೆ ಸಿಕ್ಕ ನೀರು ಕುದಿದು ಆವಿಯಾದರೆ ಪೈಪು ನಿಮ್ಮ ಮುಖದ ಮುಂದೆಯೇ ಸಿಡಿಯುತ್ತದೆ. ಅರ್ಧ ಗಂಟೆ ಜಾಸ್ತಿ ಹಿಡಿಯಲಿ, ಹೇರ್ ಡ್ರೈಯರೇ ಇರಲಿ. ಗೋಡೆಯೊಳಗೆ ಎಲ್ಲಿ ಕಟ್ಟಿದೆ ಅಂತಲೇ ಗೊತ್ತಾಗದಿದ್ದರೆ ಕೋಣೆಯನ್ನು ಬೆಚ್ಚಗೆ ಮಾಡಿ ಕಾಯಿರಿ, ಅಥವಾ ಪ್ಲಂಬರನ್ನು ಕರೆಯಿರಿ. ನೀರು ಸಣ್ಣಗೆ ಬರಲು ಶುರುವಾದ ಮೇಲೆ ಹರಿಯಲು ಬಿಡಿ, ಉಳಿದ ಐಸನ್ನು ಅದೇ ಕರಗಿಸುತ್ತದೆ.

ಒಡೆದೇ ಹೋಗಿದ್ದರೆ ಮೇನ್ ವಾಲ್ವ್ ಮುಚ್ಚಿ, ವಾಟರ್ ಹೀಟರ್ ಆರಿಸಿ, ಎಲ್ಲಾ ನಲ್ಲಿ ತೆರೆದು ಉಳಿದ ನೀರನ್ನು ಸಿಂಕಿಗೆ ಇಳಿಸಿ. ನೀರು ಸ್ವಿಚ್ ಬೋರ್ಡ್ ಅಥವಾ ಛಾವಣಿಯ ದೀಪದ ಹತ್ತಿರ ಇಳಿಯುತ್ತಿದ್ದರೆ ಆ ಕಡೆಯ ಕರೆಂಟ್ ತೆಗೆಯಿರಿ, ಆದರೆ ಒದ್ದೆ ನೆಲದಲ್ಲಿ ನಿಂತು ಮೇನ್ ಸ್ವಿಚ್ ಮುಟ್ಟಬೇಡಿ.

ಇನ್ನು ಚಳಿ ಕಳೆದು ಹೊರಗಿನ ನಲ್ಲಿಯನ್ನು ಮೊದಲ ಸಲ ತೆರೆಯುವ ದಿನ. ಹೋಸ್ ಸಿಕ್ಕಿಸುವ ಮುಂಚೆ ಒಳಗಿನ ವಾಲ್ವನ್ನು ನಿಧಾನಕ್ಕೆ ತೆರೆದು, ಹೊರಗೆ ಬಂದು ನಲ್ಲಿ ತಿರುಗಿಸಿ, ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿಯಿರಿ. ಪೈಪು ಸರಿಯಿದ್ದರೆ ನೀರಿನ ಒತ್ತಡವನ್ನು ಹೆಬ್ಬೆರಳಿನಿಂದ ತಡೆಯುವುದು ಕಷ್ಟ, ಬದಿಯಿಂದ ಚಿಮ್ಮುತ್ತದೆ. ಸುಲಭವಾಗಿ ನಿಂತುಬಿಟ್ಟರೆ ನೀರಿಗೆ ಗೋಡೆಯೊಳಗೆ ಬೇರೆ ದಾರಿ ಸಿಕ್ಕಿರಬಹುದು. ತಕ್ಷಣ ಮುಚ್ಚಿ. ಒಳಗೆ ಒಬ್ಬರನ್ನು ಗೋಡೆಗೆ ಕಿವಿಯಿಟ್ಟು ನಿಲ್ಲಿಸಿ, ಒಂದೇ ಕ್ಷಣ ಮತ್ತೆ ತೆರೆದು ನೋಡಿ. ಸುಯ್ಯೆನ್ನುವ ಸದ್ದು ಕೇಳಿದರೆ ಆ ನಲ್ಲಿಯನ್ನು ಪೈಪು ಬದಲಾಯಿಸುವ ತನಕ ಮುಟ್ಟಬೇಡಿ.